ಅಣ್ಣಾ, ಇದೊಂಚೂರು ನೋಡು: ಕೌಂಟರ್ ಮುಂದೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರದ ಕ್ಲಾಕ್ ಟವರ್ ಕಡೆಯಿಂದ ನಡೆದು ಬಂದರೆ ಸಿಗುವ ಚಿಕ್ಕ ಅಂಗಡಿ ನನ್ನದು. ಜೆರಾಕ್ಸ್, ರೀಚಾರ್ಜ್, ಪಹಣಿ ತೆಗೆಯೋದು, ಅರ್ಜಿ ತುಂಬೋದು, ಫೋನಿಗೆ ಗ್ಲಾಸ್ ಅಂಟಿಸೋದು, ಇಷ್ಟು ಬೋರ್ಡಿನಲ್ಲಿದೆ. ಬೋರ್ಡಿನಲ್ಲಿ ಇಲ್ಲದ ಕೆಲಸವೇ ಜಾಸ್ತಿ. "ಅಣ್ಣಾ, ಇದೊಂಚೂರು ನೋಡು" ಅಂತ ಫೋನು ಕೈಗಿಟ್ಟು ನಿಲ್ಲುತ್ತಾರೆ. ಅದೇ ಪ್ರಶ್ನೆ, ಅದೇ ಉತ್ತರ. ಹೇಳಿ ಹೇಳಿ ಗಂಟಲು ಒಣಗಿದ್ದಕ್ಕೆ ಬರೆದಿಟ್ಟೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ನನ್ನ ಖಾತೆಯಿಂದ ದುಡ್ಡು ಕಟ್ ಆಯ್ತು. ಅವರಿಗೆ ಬಂದಿಲ್ಲವಂತೆ. ಇನ್ನೊಂದ್ಸಲ ಕಳಿಸ್ಲಾ?

ತಡೀರಿ. ಮೊದಲು ಆ್ಯಪ್‌ನಲ್ಲಿ ಹಿಸ್ಟರಿ ತೆಗೆದು ನೋಡಿ. "ಪೆಂಡಿಂಗ್" ಅಂತ ಇದ್ದರೆ ದುಡ್ಡು ಇನ್ನೂ ನಡುದಾರಿಯಲ್ಲಿದೆ ಅಂತ ಅರ್ಥ. ಹೋಗಿ ಸೇರಬಹುದು, ವಾಪಸ್ಸೂ ಬರಬಹುದು. ಆಗಲೇ ಇನ್ನೊಂದು ಸಲ ಕಳಿಸಿದರೆ ಎರಡೂ ಸೇರಿಬಿಡುತ್ತದೆ. ಆಮೇಲೆ ಅವರ ಕೈಯಿಂದ ಒಂದನ್ನು ಬಿಡಿಸಿಕೊಳ್ಳುವುದು ನಿಮ್ಮ ಪಾಡು.

ಬೆಳಗಿನ ಹೊತ್ತು ಎಪಿಎಂಸಿ ಯಾರ್ಡಿನಲ್ಲಿ ಇದು ದಿನಾ ಆಗುವಂಥದ್ದು. ಟೊಮೆಟೊ ಹರಾಜು ನಡೆಯುವಾಗ ಅಲ್ಲಿರುವ ಅಷ್ಟೂ ಫೋನುಗಳು ಒಂದೆರಡು ಟವರಿಗೆ ನೇತುಬಿದ್ದಿರುತ್ತವೆ. ಚಕ್ರ ತಿರುಗುತ್ತಲೇ ಇರುತ್ತದೆ. ಹಿಂದೆ ಗಾಡಿಯವನು ಹಾರ್ನ್ ಹೊಡೀತಾ ಇರ್ತಾನೆ. ಗಾಬರಿಯಲ್ಲಿ ಇನ್ನೊಂದು ಸಲ ಒತ್ತುತ್ತಾರೆ. ಹೋದ ಸೀಸನ್ನಿನಲ್ಲಿ ಒಬ್ಬರು ಹೀಗೇ ಒಂದೇ ಬಾಡಿಗೆಯನ್ನು ಮೂರು ಸಲ ಕೊಟ್ಟು ಬಂದಿದ್ದರು.

ರಿಸರ್ವ್ ಬ್ಯಾಂಕ್ 2019ರಲ್ಲಿ ಇದಕ್ಕೊಂದು ಲೆಕ್ಕ ಹಾಕಿದೆ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ ದುಡ್ಡು ಸೇರದೆ ಹೋದರೆ ಮಾರನೇ ದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟಿದ್ದು ಅಲ್ಲಿಗೆ ತಲುಪದಿದ್ದರೆ 5 ದಿನ. ಆಮೇಲೆ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಬ್ಯಾಂಕಿನವರೇ ಕೊಡಬೇಕು, ನೀವು ಕೇಳದಿದ್ದರೂ. ಎಟಿಎಂನಲ್ಲಿ ನೋಟು ಬಾರದೆ ದುಡ್ಡು ಕಟ್ ಆದರೂ ಅದೇ 5 ದಿನ, ಅದೇ 100 ರೂಪಾಯಿ. ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. "ಬ್ಯಾಂಕಿನವರು ನಮಗೆ ಕೊಡ್ತಾರಾ?" ಅಂತ ನಗುತ್ತಾರೆ.

ಆ ವಹಿವಾಟಿನ ಕೆಳಗೆ ಯುಟಿಆರ್ ಅಂತ 12 ಅಂಕಿಯ ನಂಬರ್ ಇರುತ್ತದೆ. ಅದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೇ ಬ್ಯಾಂಕಿಗೆ ಹೋಗಿ. ಬ್ಯಾಂಕಿಗೆ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ, ಅಂದರೆ ಬ್ಯಾಂಕಿನ ಮೇಲಿನ ದೂರು ಕೇಳುವ ಅಧಿಕಾರಿಗೆ, ಬರೆಯಬಹುದು. ಅದಕ್ಕೆ ಫೀಸಿಲ್ಲ.

ತಪ್ಪು ನಂಬರಿಗೆ ಕಳಿಸಿಬಿಟ್ಟೆ. ನೀವು ಕಂಪ್ಯೂಟರ್‌ನಲ್ಲಿ ವಾಪಸ್ ತೆಗಿಯಕ್ಕಾಗಲ್ವಾ?

ಆಗಲ್ಲ. ನನ್ನ ಕೈಯಲ್ಲಿ ಮಾತ್ರ ಅಲ್ಲ, ನಿಮ್ಮ ಬ್ಯಾಂಕಿನ ಕೈಯಲ್ಲೂ ಸುಮ್ನೆ ಆಗಲ್ಲ. ಪಿನ್ ಹಾಕಿ ಕಳಿಸಿದ ಮೇಲೆ ಅದು ಅವರ ದುಡ್ಡಿನ ಜೊತೆ ಸೇರಿಹೋಯಿತು. ಮೊದಲು ಆ ನಂಬರಿಗೆ ಫೋನ್ ಮಾಡಿ ಮರ್ಯಾದೆಯಾಗಿ ಕೇಳಿ. ಬಹಳ ಜನ ವಾಪಸ್ ಕೊಡುತ್ತಾರೆ, ನಾನೇ ನೋಡಿದ್ದೇನೆ. ಎತ್ತದಿದ್ದರೆ ಆ್ಯಪ್‌ನಲ್ಲೇ ದೂರು ಹಾಕಿ, ನಿಮ್ಮ ಬ್ಯಾಂಕಿಗೂ ಬರೆದು ಕೊಡಿ.

ಇದೇ ಕಥೆಯ ಉಲ್ಟಾ ಒಂದಿದೆ. "ನಿಮಗೆ ತಪ್ಪಿ 5,000 ಕಳಿಸಿದೀನಿ, ಆಸ್ಪತ್ರೆ ದುಡ್ಡು, ವಾಪಸ್ ಹಾಕಿ" ಅಂತ ಫೋನ್ ಬರುತ್ತದೆ. ಮೆಸೇಜೂ ಬಂದಿರುತ್ತದೆ, ಬ್ಯಾಂಕಿನದೇ ಅನ್ನೋ ಹಾಗೆ. ಮೆಸೇಜ್ ಯಾರು ಬೇಕಾದರೂ ಬರೆಯಬಹುದು. ಬ್ಯಾಲೆನ್ಸ್ ನೋಡಿ. ಅದು ಏರಿಲ್ಲ ಅಂದರೆ ಯಾರೂ ಏನೂ ಕಳಿಸಿಲ್ಲ.

ದುಡ್ಡು ಬರೋದಕ್ಕೂ ಪಿನ್ ಹಾಕಬೇಕಾ?

ಇಲ್ಲ. ಪಿನ್ ಹಾಕಿದರೆ ದುಡ್ಡು ಹೋಗುತ್ತದೆ. ಬರೋಕೆ ಏನೂ ಒತ್ತಬೇಕಾಗಿಲ್ಲ.

ಗಿರಾಕಿ ಸ್ಕ್ರೀನ್ ತೋರಿಸಿ ಹೋದ. ಸಂಜೆ ನೋಡಿದ್ರೆ ದುಡ್ಡೇ ಬಂದಿಲ್ಲ.

ಹಸಿರು ಟಿಕ್ ಮಾರ್ಕ್ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸುವವರೂ ಇದ್ದಾರೆ. ಗಿರಾಕಿಯ ಫೋನು ನೋಡುವ ಅಭ್ಯಾಸ ಬಿಡಿ, ನಿಮ್ಮ ಫೋನು ನೋಡಿ. ಇಲ್ಲವೇ ಕೂಗಿ ಹೇಳುವ ಸೌಂಡ್ ಬಾಕ್ಸ್ ಇಟ್ಟುಕೊಳ್ಳಿ. ಬಂಗಾರಪೇಟೆಯಲ್ಲಿ ಬಿಳಿ ನೀರಿನ ಪಾನಿಪುರಿ ಗಾಡಿ ಮುಂದೆ ಸಂಜೆ ನಿಂತು ನೋಡಿ. ಎರಡೂ ಕೈ ನೀರಿನಲ್ಲಿರುವವನು ಫೋನು ಹೇಗೆ ನೋಡಿಯಾನು? ಅವನಿಗೆ ಕಿವಿಯೇ ಗಲ್ಲಾಪೆಟ್ಟಿಗೆ.

ಇನ್ನೊಂದು ಮಾತು. ಬೆಳಗ್ಗೆ ಅಂಗಡಿ ತೆಗೆದಾಗ ನಿಮ್ಮ ಕ್ಯೂಆರ್ ಚೀಟಿ ಮೇಲೆ ಬೇರೆ ಚೀಟಿ ಅಂಟಿಸಿಲ್ಲ ಅಂತ ಬೆರಳಲ್ಲಿ ಒಂದು ಸಲ ಸವರಿ ನೋಡಿ.

ಕಸ್ಟಮರ್ ಕೇರ್ ನಂಬರ್ ಗೂಗಲ್‌ನಲ್ಲಿ ಹುಡುಕಿ ಕೊಡ್ತೀರಾ?

ಕೊಡುವುದಿಲ್ಲ. ಯಾಕೆ ಅಂದರೆ, ಹಾಗೆ ಹುಡುಕಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮನೆಗೆ ಒಂದು ಮಿಕ್ಸಿ ಆನ್‌ಲೈನ್‌ನಲ್ಲಿ ತರಿಸಿದ್ದೆ. ಜಾರ್ ಒಡೆದಿತ್ತು, ವಾಪಸ್ ಕಳಿಸಿದೆ. ದುಡ್ಡು ಬರುವುದು ತಡವಾಯಿತು. ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ಹುಡುಕಿದೆ, ಮೊದಲು ಕಂಡ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವನು ತುಂಬಾ ಒಳ್ಳೆಯವನ ಹಾಗೆ ಮಾತಾಡಿದ. "ಸರ್, ನಿಮ್ಮ ರೀಫಂಡ್ ಇಲ್ಲೇ ಕಾಣ್ತಾ ಇದೆ" ಅಂದ. ಪರದೆ ಹಂಚಿಕೊಳ್ಳುವ ಒಂದು ಆ್ಯಪ್ ಹಾಕಿಸಿದ. ಆಮೇಲೆ ಪೇಮೆಂಟ್ ಆ್ಯಪ್ ತೆಗೆಸಿ, "ಒಂದು ವೆರಿಫಿಕೇಶನ್ ಕೋಡ್ ಹೇಳ್ತೀನಿ, ಆ ಡಬ್ಬಿಯಲ್ಲಿ ಹಾಕಿ: ನಾಲ್ಕು, ಎಂಟು, ಒಂಬತ್ತು, ಒಂಬತ್ತು" ಅಂದ. ಹಾಕಿದೆ. ಅದು ಮೊತ್ತ ಬರೆಯುವ ಡಬ್ಬಿ. ಅಂಕಿಗಳನ್ನು ಅವನು ಒಂದೊಂದಾಗಿ ಹೇಳಿದ್ದ, ಅದಕ್ಕೇ ನನಗದು ನಾಲ್ಕು ಸಾವಿರದ ಎಂಟುನೂರ ತೊಂಬತ್ತೊಂಬತ್ತು ಅಂತ ಕೇಳಿಸಲೇ ಇಲ್ಲ. ಕೋಡ್ ಅಂತಲೇ ಕೇಳಿಸಿತು. ಪಿನ್ ಹಾಕಿದೆ. ಹೋಯಿತು.

ದಿನಕ್ಕೆ ಹತ್ತು ಜನಕ್ಕೆ "ದುಡ್ಡು ಬರೋಕೆ ಪಿನ್ ಬೇಡ" ಅಂತ ಹೇಳುವವನು ನಾನು!

ನಿಜವಾದ ತಪ್ಪು ಮಾಡಿದ್ದು ಅದರ ಆಮೇಲೆ. ಎರಡು ದಿನ ಯಾರಿಗೂ ಹೇಳಲಿಲ್ಲ. ಹೆಂಡತಿಗೂ ಇಲ್ಲ. ಅಂಗಡಿ ಲೆಕ್ಕದ ಪುಸ್ತಕದಲ್ಲಿ "ಟೋನರ್" ಅಂತ, ಜೆರಾಕ್ಸ್ ಮೆಷಿನ್ನಿನ ಮಸಿಯ ಖರ್ಚು ಅನ್ನೋ ಹಾಗೆ, ಬರೆದೆ. ಮೂರನೇ ದಿನ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ದೂರು ಬರೆದುಕೊಂಡರು. ಅಷ್ಟು ಹೊತ್ತಿಗೆ ಆ ದುಡ್ಡು ಆ ಖಾತೆಯಿಂದ ಯಾವತ್ತೋ ಖಾಲಿಯಾಗಿತ್ತು.

ಸರಿಯಾದ ನಂಬರ್ ಬೇಕಾದರೆ ಆ ಕಂಪನಿಯ ಆ್ಯಪ್ ಒಳಗೆ ಹೋಗಿ, "ಹೆಲ್ಪ್" ಒತ್ತಿ. ಬ್ಯಾಂಕಿನದು ಬೇಕಾದರೆ ಎಟಿಎಂ ಕಾರ್ಡಿನ ಹಿಂದೆ, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿದೆ. ಕರೆಂಟಿನದು ಬೇಕಾದರೆ ಬೆಸ್ಕಾಂ 1912. "ಇವತ್ತು ರಾತ್ರಿ 9:30ಕ್ಕೆ ನಿಮ್ಮ ಕರೆಂಟ್ ಕಟ್" ಅಂತ ಯಾವುದೋ ಹತ್ತಂಕಿ ನಂಬರಿನಿಂದ ಮೆಸೇಜ್ ಬಂದರೆ ಅದನ್ನು ಅಳಿಸಿ ಊಟ ಮಾಡಿ.

ಮೋಸ ಹೋದ ದುಡ್ಡು ವಾಪಸ್ ಬರುತ್ತಾ?

ಬೇಗ ಹೇಳಿದರೆ ಬರುವ ಸಾಧ್ಯತೆ ಇದೆ. 1930 ಅಂದರೆ ದೇಶಕ್ಕೆಲ್ಲ ಒಂದೇ ಸೈಬರ್ ಸಹಾಯವಾಣಿ. ದುಡ್ಡು ಯಾವ ಖಾತೆಗೆ ಹೋಯಿತು ಅಂತ ಹಿಡಿದು, ಅದು ಇನ್ನೂ ಅಲ್ಲೇ ಇದ್ದರೆ ಬ್ಯಾಂಕಿನ ಮೂಲಕ ತಡೆಹಿಡಿಸುತ್ತಾರೆ. ಕಳ್ಳರೂ ಸುಮ್ಮನೆ ಕೂತಿರುವುದಿಲ್ಲ. ಒಂದು ಖಾತೆಯಿಂದ ನಾಲ್ಕಕ್ಕೆ, ನಾಲ್ಕರಿಂದ ಹತ್ತಕ್ಕೆ ಹಂಚಿ ಎಟಿಎಂನಲ್ಲಿ ತೆಗೆದುಬಿಡುತ್ತಾರೆ. ಹಾಗಾಗಿ ಮೊದಲ ಒಂದು ಗಂಟೆ ಇದೆಯಲ್ಲ, ಅದರಲ್ಲಿ ಅಳುವುದು, ಬೈಯುವುದು, ಯಜಮಾನರಿಗೆ ಹೇಗೆ ಹೇಳಲಿ ಅಂತ ಯೋಚಿಸುವುದು ಬೇಡ. ಮೊದಲು 1930, ಆಮೇಲೆ ಬ್ಯಾಂಕು, ಆಮೇಲೆ ಅಳು.

ನಿಮ್ಮ ತಪ್ಪಿಲ್ಲದೆ ಯಾರೋ ಮೂರನೆಯವರು ಖಾತೆಗೆ ಕೈ ಹಾಕಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಮೇಲೆ ನಷ್ಟ ಬೀಳಬಾರದು. ಇದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ. ಓಟಿಪಿ, ಪಿನ್ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಎರಡೂ ಕಡೆ ಲೆಕ್ಕ ನಿಂತಿರುವುದು ನೀವು ಯಾವಾಗ ಬಾಯಿ ಬಿಟ್ಟಿರಿ ಅನ್ನುವುದರ ಮೇಲೆ.

ನಮ್ಮ ಕಡೆ ಮೋಸ ಹೋದವರಿಗೆ ಮೊದಲು ಬೈಗುಳ ಸಿಗುತ್ತದೆ, ಆಮೇಲೆ ಸಹಾಯ. ಮನೆಯಲ್ಲಿ ಬೈಯುತ್ತಾರೆ ಅಂತಲೇ ಎಷ್ಟೋ ಜನ ವಾರ ಕಳೆದ ಮೇಲೆ ಬರುತ್ತಾರೆ, ಅದೂ ಅಂಗಡಿ ಖಾಲಿ ಆಗುವವರೆಗೆ ರಸ್ತೆಯ ಆ ಕಡೆ ನಿಂತು ಕಾದು. ನನಗೆ ಈಗ ದೂರದಿಂದಲೇ ಗೊತ್ತಾಗುತ್ತದೆ. ನಾನೇ ಕರೆಯುತ್ತೇನೆ. ಟೋನರ್ ಕಥೆ ಮೊದಲು ನಾನೇ ಹೇಳಿಬಿಡುತ್ತೇನೆ, ಅವರಿಗೆ ಬಾಯಿ ಬರಲಿ ಅಂತ.

ವಾಟ್ಸಾಪ್‌ನಲ್ಲಿ ಮದುವೆ ಕಾರ್ಡ್ ಬಂತು. ಒತ್ತಿದೆ, ಏನೂ ತೆರೀಲಿಲ್ಲ.

ಅದು ಕಾರ್ಡ್ ಅಲ್ಲ, ಆ್ಯಪ್. ಫೈಲಿನ ಹೆಸರಿನ ಕೊನೆಗೆ ಎಪಿಕೆ (.apk) ಅಂತ ಇದ್ದರೆ ಮುಟ್ಟಬೇಡಿ. ಮದುವೆ ಪತ್ರಿಕೆ, ಟ್ರಾಫಿಕ್ ಚಲನ್, ರೈತರ ಯೋಜನೆ, ಬ್ಯಾಂಕ್ ಕೆವೈಸಿ, ಹೀಗೆ ಹೆಸರು ಬದಲಾಗುತ್ತಾ ಇರುತ್ತದೆ, ಹೊಟ್ಟೆಯೊಳಗೆ ಒಂದೇ. ಅದು ಕೇಳುವ ಅನುಮತಿ ಕೊಟ್ಟರೆ ನಿಮ್ಮ ಮೆಸೇಜುಗಳನ್ನೆಲ್ಲ ಓದಿ ಓಟಿಪಿ ಸಮೇತ ಎಲ್ಲೋ ಕಳಿಸುತ್ತದೆ. ನಿಮ್ಮ ವಾಟ್ಸಾಪ್‌ನಿಂದಲೇ ನಿಮ್ಮ ನೆಂಟರಿಗೂ ಅದೇ ಕಾರ್ಡ್ ಹೋಗಬಹುದು. ಅದಕ್ಕೇ ಅದು ಯಾವಾಗಲೂ ಗೊತ್ತಿದ್ದವರಿಂದಲೇ ಬರುವುದು.

ಒತ್ತಿಬಿಟ್ಟಿದ್ದರೆ ಮೊದಲು ಡೇಟಾ, ವೈಫೈ ಎರಡೂ ಆಫ್ ಮಾಡಿ. ಬೇರೆಯವರ ಫೋನಿನಿಂದ ಬ್ಯಾಂಕಿಗೆ ಹೇಳಿ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿ ತೆಗೆದು, ಗುರುತಿಲ್ಲದ್ದನ್ನು ಕಿತ್ತುಹಾಕಿ. ಹೋಗದಿದ್ದರೆ ಫೋಟೋ ಉಳಿಸಿಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸಿ.

ಪೊಲೀಸ್ ಡ್ರೆಸ್ಸಲ್ಲಿ ವಿಡಿಯೋ ಕಾಲ್ ಮಾಡಿ "ಡಿಜಿಟಲ್ ಅರೆಸ್ಟ್" ಅಂತಾರೆ.

ಕಾನೂನಿನಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಕಟ್ ಮಾಡಿ. ಯಾರಿಗೂ ಹೇಳಬೇಡಿ ಅಂತ ಅವರು ಅಂದಷ್ಟೂ ಪಕ್ಕದ ಮನೆಯವರನ್ನು ಕರೆಯಿರಿ.

ಬಸ್ಸಲ್ಲಿ ಫೋನ್ ಹೋಯ್ತು. ಇನ್ನೇನು ಸಿಗುತ್ತೆ ಬಿಡಿ, ಅಲ್ವಾ?

ಸಿಗಬಹುದು. ಅದಕ್ಕಿಂತ ಮುಖ್ಯ, ಸಿಮ್ ಇನ್ನೂ ಕಳ್ಳನ ಹತ್ತಿರ ಇದೆ, ಓಟಿಪಿ ಎಲ್ಲ ಅಲ್ಲಿಗೇ ಹೋಗುತ್ತದೆ. ಬೇರೆ ಫೋನಿನಿಂದ ಸಿಮ್ ಕಂಪನಿಗೆ ಹೇಳಿ ಮೊದಲು ಸಿಮ್ ನಿಲ್ಲಿಸಿ. ಬ್ಯಾಂಕಿಗೂ ಹೇಳಿ. ಆಮೇಲೆ ಪೊಲೀಸ್ ದೂರು, ಅದೇ ನಂಬರಿಗೆ ಹೊಸ ಸಿಮ್. ಇವೆರಡು ಕೈಗೆ ಬಂದ ಮೇಲೆ ಸಂಚಾರ್ ಸಾಥಿಯಲ್ಲಿ, ಕೇಂದ್ರದ ದೂರಸಂಪರ್ಕ ಇಲಾಖೆಯ ಜಾಲತಾಣ ಅದು, ಐಎಂಇಐ ಹಾಕಿ ಫೋನನ್ನೇ ಬ್ಲಾಕ್ ಮಾಡಿಸಬಹುದು. ಆಗ ಬೇರೆ ಸಿಮ್ ಹಾಕಿದರೂ ದೇಶದಲ್ಲಿ ಎಲ್ಲೂ ನೆಟ್‌ವರ್ಕ್ ಹಿಡಿಯುವುದಿಲ್ಲ. ಯಾರಾದರೂ ಹಾಕಿ ನೋಡಿದರೆ ಸುಳಿವು ಪೊಲೀಸರಿಗೆ ಹೋಗುತ್ತದೆ.

ಐಎಂಇಐ ಅಂದರೆ ಫೋನಿನ 15 ಅಂಕಿಯ ಗುರುತು. ಫೋನು ಕಳೆದ ಮೇಲೆ ಅದನ್ನು ಎಲ್ಲಿಂದ ತರುತ್ತೀರಿ? ಈಗಲೇ *#06# ಒತ್ತಿ, ಬಂದದ್ದನ್ನು ರೇಷನ್ ಕಾರ್ಡ್ ಇಡುವ ಕವರಿನಲ್ಲಿ ಬರೆದಿಡಿ. ಹಳೇ ಡಬ್ಬ ಇದ್ದರೆ ಅದರ ಮೇಲೂ ಇದೆ.

ಅದೇ ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಅಂತಲೂ ನೋಡಬಹುದು. ಒಬ್ಬರ ಹೆಸರಿಗೆ 9 ತನಕ ಅವಕಾಶ. ಗೊತ್ತಿಲ್ಲದ್ದು ಕಂಡರೆ "ನನ್ನದಲ್ಲ" ಅಂತ ಒತ್ತಿ.

ಬೆರಳಚ್ಚು ಹತ್ತಲ್ಲ. ಮತ್ತೆ ಬೆರಳಚ್ಚಿಂದಲೇ ದುಡ್ಡು ಹೊಡೀತಾರೆ ಅಂತಾರಲ್ಲ, ಹೇಗೆ?

ಎರಡೂ ನಿಜ. ಕಳೆ ಕಿತ್ತು, ರೇಷ್ಮೆಹುಳುವಿಗೆ ಸೊಪ್ಪು ಕೊಯ್ದು ಕೊಯ್ದು ಬೆರಳಿನ ಗೆರೆ ಸವೆದಿರುತ್ತದೆ. ರೇಷನ್ ಅಂಗಡಿ ಮೆಷಿನ್ನು ಒಪ್ಪುವುದಿಲ್ಲ. ಕೈ ತೊಳೆದು ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಡಿಸಿ.

ಇನ್ನೊಂದು ಕಡೆ, ಆಧಾರ್ ನಂಬರ್ ಮತ್ತು ಬೆರಳು ಇದ್ದರೆ ಓಟಿಪಿ ಇಲ್ಲದೆ ಖಾತೆಯಿಂದ ದುಡ್ಡು ತೆಗೆಯುವ ವ್ಯವಸ್ಥೆ ಇದೆ. ಹಳ್ಳಿಯವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಬೆರಳಚ್ಚು ಕದ್ದವರಿಗೂ ಅನುಕೂಲ ಆಯಿತು. ಎಂ-ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಟ್ಟರೆ ಆ ಭಯ ಇಲ್ಲ. ಆದರೆ ರೇಷನ್ನಿಗೆ ಹೋಗುವ ದಿನ ಮರೆಯದೆ ಅನ್‌ಲಾಕ್ ಮಾಡಿಕೊಂಡು ಹೋಗಿ. ಲಾಕ್ ಮಾಡಿ ಮರೆತು, "ಸರ್ವರ್ ಇಲ್ಲ" ಅಂತ ಡಿಪೋದವನ ಜೊತೆ ಜಗಳ ಆಡಿದವರು ಇದ್ದಾರೆ. ಅನುಮಾನ ಬಂದರೆ 1947ಕ್ಕೆ ಕೇಳಿ, ಆಧಾರ್ ಸಹಾಯವಾಣಿ. ಸ್ವಾತಂತ್ರ್ಯ ಬಂದ ವರ್ಷ, ನೆನಪಿರುತ್ತದೆ.

ಫೋನ್ ಫುಲ್ ಆಗಿದೆ ಅಂತ ಬರುತ್ತೆ. ನಾನೇನೂ ಹಾಕಿಲ್ಲ.

ನೀವು ಹಾಕಿಲ್ಲ, ನಿಮ್ಮ ನೆಂಟರು ಹಾಕಿದ್ದಾರೆ. ಶುಭೋದಯದ ಹೂವು, ದೇವರ ಫೋಟೋ, ಭಜನೆ ವಿಡಿಯೋ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ "ಸ್ಟೋರೇಜ್ ಅಂಡ್ ಡೇಟಾ", ಅದರೊಳಗೆ "ಮ್ಯಾನೇಜ್ ಸ್ಟೋರೇಜ್". ದೊಡ್ಡ ವಿಡಿಯೋಗಳು ಮೇಲೇ ಕಾಣುತ್ತವೆ, ಅಳಿಸಿ. ಅಲ್ಲೇ ಆಟೋ ಡೌನ್‌ಲೋಡ್ ಆಫ್ ಮಾಡಿ.

ಹೊಸ ಫೋನಿಗೆ ಹೋಗುವ ಮೊದಲು ಬ್ಯಾಕಪ್ ಆಗಿದೆಯಾ ನೋಡಿಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ಬ್ಯಾಕಪ್ಪು ಈಗ ಗೂಗಲ್ ಪುಕ್ಕಟೆ ಕೊಡುವ 15 ಜಿಬಿಯೊಳಗೇ ಲೆಕ್ಕ ಆಗುತ್ತದೆ. ಮೊದಲು ಹಾಗಿರಲಿಲ್ಲ. ಜಾಗ ತುಂಬಿದರೆ ಬ್ಯಾಕಪ್ ತಂತಾನೇ ನಿಂತುಹೋಗಿರುತ್ತದೆ, ನಮಗೆ ಗೊತ್ತಾಗುವುದು ಹಳೇ ಫೋನು ಮಾರಿದ ಮೇಲೆ.

ಆಫೀಸಿಂದ ಬಂದ ಕನ್ನಡ ಫೈಲು ಫೋನಲ್ಲಿ ಹುಳಹುಪ್ಪಟೆ ಹಾಗೆ ಕಾಣುತ್ತೆ.

ಇದನ್ನು ಮೇಷ್ಟ್ರುಗಳು ಜಾಸ್ತಿ ಕೇಳುತ್ತಾರೆ. ಅದು ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು. ಕನ್ನಡ ಗಣಕ ಪರಿಷತ್ತಿನವರು ಮಾಡಿದ ನುಡಿ ಇಲ್ಲದಿದ್ದರೆ ಸರ್ಕಾರಿ ಕಚೇರಿಗಳ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬಳಕೆಗೆ ಬರುತ್ತಿರಲಿಲ್ಲ, ಅದನ್ನು ಮರೆಯಬಾರದು. ಆದರೆ ಆ ಹಳೇ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಇಟ್ಟಿದ್ದವು. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಬಾಡಿಗೆದಾರ ಕಾಣುವುದಿಲ್ಲ, ಮನೆ ಓನರ್ ಕಾಣುತ್ತಾನೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಸ್ವಂತ ಮನೆ ಇದೆ. ಹಾಗಾಗಿ ಫೈಲನ್ನು ಯುನಿಕೋಡ್‌ಗೆ ಪರಿವರ್ತಿಸಿ ಕಳಿಸಿ ಅಂತ ಕೇಳಿ. ಅವರಿಗೆ ಬೇಜಾರಾದರೆ ಪಿಡಿಎಫ್ ಮಾಡಿ ಕಳಿಸಲಿ. ಫಾಂಟು ಅದರ ಜೊತೆಗೇ ಬರುತ್ತದೆ, ಓದೋಕಾದರೂ ಆಗುತ್ತದೆ.

ಮೈಕ್ ಒತ್ತಿ ಮಾತಾಡಿದ್ರೆ ಏನೇನೋ ಬರೆಯುತ್ತೆ.

ಯಾವ ಭಾಷೆಯಲ್ಲಿ ಮಾತಾಡಿದಿರಿ? ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಮನೆಯಲ್ಲಿ ತೆಲುಗು, ಪಹಣಿಯಲ್ಲಿ ಕನ್ನಡ. ಕೀಬೋರ್ಡಿಗೆ ಕನ್ನಡ ಅಂತ ಹೇಳಿಟ್ಟು "ಎಪ್ಪುಡೊಸ್ತಾವು" ಅಂದರೆ ಅದು ಪಾಪ ಏನು ಬರೆದೀತು? ಎರಡೂ ಭಾಷೆ ಸೇರಿಸಿಕೊಳ್ಳಿ, ಮಾತಾಡುವ ಮುಂಚೆ ಭಾಷೆ ಬದಲಾಯಿಸಿ.

ಪಾರ್ಸೆಲ್ಲಲ್ಲಿ ಬೇರೆ ಸಾಮಾನು ಬಂತು. ವಾಪಸ್ ತಗೊಳ್ಳಲ್ಲ ಅಂತಾರೆ.

ಡಬ್ಬ ಬಿಚ್ಚುವಾಗ ವಿಡಿಯೋ ಮಾಡಿ. ಮೊದಲು ವಿಳಾಸದ ಚೀಟಿ ಕಾಣಲಿ, ಆಮೇಲೆ ಟೇಪು ಕತ್ತರಿಸಿ, ನಡುವೆ ನಿಲ್ಲಿಸಬೇಡಿ. ಆ್ಯಪ್‌ನಲ್ಲಿ ದೂರು ಹಾಕಿ ನಂಬರ್ ಇಟ್ಟುಕೊಳ್ಳಿ. ಕೇಳದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅಲ್ಲಿಗೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ ಮೇಲೆ ನೀವು ಇರುವ ಊರಿನಲ್ಲೇ ಕೇಸ್ ಹಾಕಬಹುದು, ಕಂಪನಿ ಇರುವ ಊರಿಗೆ ಅಲೆಯಬೇಕಿಲ್ಲ. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ.

ಆರ್ಡರ್ ಮಾಡದ ಪಾರ್ಸೆಲ್ ಬಂದು "ಕ್ಯಾಶ್ ಆನ್ ಡೆಲಿವರಿ, 399 ಕೊಡಿ" ಅಂದರೆ, ಮಗ ತರಿಸಿರಬೇಕು ಅಂತ ಅಂದಾಜಿನ ಮೇಲೆ ಕೊಡಬೇಡಿ. ಮಗನಿಗೆ ಫೋನ್ ಮಾಡಿ.

ಫೋನಿನ ಬೆನ್ನು ಉಬ್ಬಿದೆ. ಒತ್ತಿ ಕೂರಿಸಿ ಕೊಡಿ.

ಒತ್ತಬಾರದು! ಬ್ಯಾಟರಿ ಊದಿದೆ, ಒಳಗೆ ಗ್ಯಾಸ್ ತುಂಬಿದೆ. ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಬ್ಯಾಟರಿ ಬದಲಾಯಿಸಿ. ರಾತ್ರಿ ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದನ್ನೂ ಬಿಡಿ. ಶಾಖವೇ ಅದರ ಶತ್ರು.

ಇದೆಲ್ಲ ನೋಡೋಕೆ ಎಷ್ಟು ತಗೋತೀರಿ?

ನೋಡಿ ಹೇಳೋದಕ್ಕೆ ದುಡ್ಡಿಲ್ಲ. ಜೆರಾಕ್ಸಿಗೆ, ಪ್ರಿಂಟಿಗೆ ಕೊಡಿ, ಸಾಕು. ಒಂದೇ ಒಂದು ಕೋರಿಕೆ. ಪಿನ್ ಕೇಳಿದಾಗ "ಒಂದೊಂಬತ್ತೆಂಟೇಳು, ನೀವೇ ಹಾಕ್ಬಿಡಿ ಅಣ್ಣ" ಅಂತ ಕೌಂಟರ್ ಆಚೆಯಿಂದ ಕೂಗಬೇಡಿ. ಹಿಂದೆ ಐದು ಜನ ನಿಂತಿರುತ್ತಾರೆ. ಅರ್ಧ ಕೋಲಾರದ ಪಿನ್ನು ಮಕ್ಕಳು ಹುಟ್ಟಿದ ವರ್ಷ ಅಂತ ನನಗೆ ಬೇಡ ಅಂದರೂ ಗೊತ್ತಾಗಿದೆ. ಫೋನು ನಿಮ್ಮ ಕೈಗೇ ಕೊಡುತ್ತೇನೆ. ನೀವು ಒತ್ತುವವರೆಗೆ ನಾನು ಫ್ಯಾನ್ ನೋಡುತ್ತಾ ನಿಂತಿರುತ್ತೇನೆ.